ಪೆನ್‌ಡ್ರೈವ್ ಸಾಕಾ, ಕ್ಲೌಡ್ ಬೇಕಾ? ಮನೆ ಫೋಟೋ, ಕಾಗದಪತ್ರ ಉಳಿಸ್ಕೊಳ್ಳೋದು ಹೇಗೆ

ನಮ್ದು ಮಲೆನಾಡಿನ ಕಡೆ ಒಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ದಿನಕ್ಕೆ ಏನಿಲ್ಲಾ ಅಂದ್ರೂ ಹತ್ತಿಪ್ಪತ್ತು ಪೆನ್‌ಡ್ರೈವ್ ನನ್ನ ಕಂಪ್ಯೂಟರ್‌ಗೆ ಹಾಕಿ ತೆಗೀತೀನಿ. ಹೋದ ಮಳೆಗಾಲದಲ್ಲಿ ಒಬ್ರು ಹೈಸ್ಕೂಲ್ ಮೇಷ್ಟ್ರು ಬಂದು ಪೆನ್‌ಡ್ರೈವ್ ಕೊಟ್ರು, ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೀಬೇಕಿತ್ತು. ಹಾಕಿದ್ರೆ ಲೈಟೇ ಬರ್ಲಿಲ್ಲ. ಬೇರೆ ಪೋರ್ಟ್, ಬೇರೆ ಸಿಸ್ಟಮ್, ಏನೂ ಇಲ್ಲ. "ಸಾರ್, ಬ್ಯಾಕಪ್ ಇದ್ಯಾ?" ಅಂದೆ. "ಅದೇ ಬ್ಯಾಕಪ್ ಮಾರಾಯ" ಅಂದ್ರು.

ಫೋನ್ ಫುಲ್ ಆಗಿತ್ತಂತೆ, ಮಗಳ ನಾಮಕರಣದಿಂದ ಹಿಡ್ದು ಆರು ವರ್ಷದ ಫೋಟೋ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿ ಫೋನಿಂದ ಡಿಲೀಟ್ ಮಾಡಿದ್ರಂತೆ. ಅವ್ರು ಮಾಡಿದ್ದು ಬ್ಯಾಕಪ್ ಅಲ್ಲ, ಜಾಗ ಬದ್ಲಾಯ್ಸಿದ್ದು ಅಷ್ಟೆ. ಮೊದ್ಲು ಒಂದೇ ಕಾಪಿ ಫೋನಲ್ಲಿತ್ತು, ಆಮೇಲೆ ಅದೇ ಒಂದು ಕಾಪಿ ಪೆನ್‌ಡ್ರೈವಲ್ಲಿ. ಇದನ್ನ ನಾನು ವಾರಕ್ಕೊಂದ್ಸಲ ನೋಡ್ತೀನಿ, ಪ್ರತಿ ಸಲಾನೂ ಹೊಟ್ಟೆ ಉರಿಯುತ್ತೆ, ಅದಕ್ಕೇ ಇಷ್ಟು ಉದ್ದ ಬರೀತಿರೋದು. ಬ್ಯಾಕಪ್ ಅಂದ್ರೆ ಎರಡನೇ ಕಾಪಿ. ಎರಡನೇದು ಇಲ್ಲ ಅಂದ್ರೆ ಅದು ಪೆನ್‌ಡ್ರೈವ್ ಆಗ್ಲಿ ಕ್ಲೌಡ್ (ಇಂಟರ್ನೆಟ್ ಮೂಲಕ ಗೂಗಲ್‌ನಂಥ ಕಂಪನಿ ಕಂಪ್ಯೂಟರಲ್ಲಿ ಇಡೋದು) ಆಗ್ಲಿ, ಬ್ಯಾಕಪ್ ಅಲ್ವೇ ಅಲ್ಲ.

ಮೊದ್ಲು ಕೂತು ರಾಶಿ ಮಾಡಿ

ಎಲ್ಲಾನೂ ಉಳಿಸ್ತೀನಿ ಅಂತ ಹೊರಟ್ರೆ ಅರ್ಧಕ್ಕೇ ಬಿಡ್ತೀರ. ಒಂದು ಭಾನುವಾರ ಮಧ್ಯಾಹ್ನ ಕೂತು ಫೋನು, ಲ್ಯಾಪ್‌ಟಾಪು ಎರಡೂ ತೆಗೆದು ಮೂರು ರಾಶಿ ಮಾಡ್ಕೊಳ್ಳಿ. ಮೊದಲ್ನೇದು, ಹೋದ್ರೆ ಜನ್ಮದಲ್ಲಿ ಮತ್ತೆ ಸಿಗದೇ ಇರೋದು: ಫೋಟೋ, ವಿಡಿಯೋ, ಅಜ್ಜಿ ಹಾಡಿದ ಹಾಡಿನ ರೆಕಾರ್ಡಿಂಗ್, ನೀವೇ ಬರ್ದಿರೋ ಬರಹ, ಲೆಕ್ಕ. ಎರಡನೇದು, ಹೋದ್ರೆ ಓಡಾಡಿ ತರಬಹುದಾದ್ದು: ಮಾರ್ಕ್ಸ್ ಕಾರ್ಡ್, ಪಹಣಿ, ಕ್ರಯಪತ್ರದ ಸ್ಕ್ಯಾನ್, ಇನ್ಶೂರೆನ್ಸ್ ಕಾಗದ. ಮೂರನೇದು ಗುಡ್ ಮಾರ್ನಿಂಗ್ ಫೋಟೋ, ಡೌನ್‌ಲೋಡ್ ಮಾಡಿದ ಸಿನಿಮಾ, ಅದನ್ನ ಬಿಟ್ಬಿಡಿ, ಅದಕ್ಕೆ ಒಂದು ರೂಪಾಯೀನೂ ಖರ್ಚು ಮಾಡ್ಬೇಡಿ.

ಎರಡನೇ ರಾಶಿಯಲ್ಲಿ ಒಂದಷ್ಟು ನಿಮ್ಮ ತಲೆನೋವೇ ಅಲ್ಲ. ಡಿಜಿಲಾಕರ್ ಅಂತ ಸರ್ಕಾರದ್ದೇ ಆಪ್ 2015ರಿಂದ ಇದೆ, ಅದ್ರಲ್ಲಿ 'ಇಶ್ಯೂಡ್' ಅಂತ ಬರೋ ಡಾಕ್ಯುಮೆಂಟ್‌ಗೆ ಕಾನೂನಲ್ಲಿ ಒರಿಜಿನಲ್‌ನಷ್ಟೇ ಬೆಲೆ ಇದೆ. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಇತ್ತೀಚಿನ ವರ್ಷಗಳ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಲ್ಲೇ ತೆಕ್ಕೊಬಹುದು. ಆದ್ರೆ ನೀವೇ ಸ್ಕ್ಯಾನ್ ಮಾಡಿ ಡಿಜಿಲಾಕರ್‌ಗೆ ಅಪ್‌ಲೋಡ್ ಮಾಡಿದ್ದಕ್ಕೆ ಆ ಬೆಲೆ ಇಲ್ಲ, ಅದು ಬರೀ ಕಾಪಿ, ಇದನ್ನ ತುಂಬಾ ಜನ ಗುರುತಿಸೋದೇ ಇಲ್ಲ. ಪಹಣಿ ಭೂಮಿ ವೆಬ್‌ಸೈಟಲ್ಲಿ ಸಿಗುತ್ತೆ. ಹಾಗಾಗಿ ನಿಮ್ಮ ನಿಜವಾದ ಚಿಂತೆ ಮೊದಲ್ನೇ ರಾಶಿ.

ಎಷ್ಟು ಜಿಬಿ ಇದೆ, ನೆಟ್ ಎಷ್ಟಿದೆ

ರಾಶಿ ಮಾಡಿದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದ್ರೆ ಸೈಜ್ ಗೊತ್ತಾಗುತ್ತೆ. ಇದನ್ನ ನೋಡ್ದೇನೇ ಜನ ಕ್ಲೌಡ್ ಒಳ್ಳೇದಾ ಪೆನ್‌ಡ್ರೈವ್ ಒಳ್ಳೇದಾ ಅಂತ ಕೇಳ್ತಾರೆ. ಲೆಕ್ಕ ಹಾಕಿ ನೋಡಿ, ನಿಮ್ಮತ್ರ 50 ಜಿಬಿ ಫೋಟೋ ವಿಡಿಯೋ ಇದೆ ಅನ್ಕೊಳ್ಳಿ. ಅಪ್‌ಲೋಡ್ ಸ್ಪೀಡ್ 5 ಎಂಬಿಪಿಎಸ್ (8 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 1 ಎಂಬಿ) ಸಿಕ್ಕಿದ್ರೆ ಒಂದೇ ಸಮ ಹಾಕಿದ್ರೂ ಸುಮಾರು 22 ಗಂಟೆ. 2 ಎಂಬಿಪಿಎಸ್ ಆದ್ರೆ ಎರಡು ದಿನದ ಮೇಲೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇರೋ ಫೋನಿಂದ ಹಾಕ್ತೀನಿ ಅಂದ್ರೆ ಬೇರೇನೂ ನೋಡ್ದೇ ಇದ್ರೂ ತಿಂಗಳ ಮೇಲೆ ಬೇಕು. ಅದೇ 50 ಜಿಬಿ, ಸೆಕೆಂಡಿಗೆ 10 ಎಂಬಿ ಬರೆಯೋ ಸಾಧಾರಣ ಪೆನ್‌ಡ್ರೈವ್‌ಗೆ ಒಂದೂವರೆ ಗಂಟೆ ಒಳಗೆ ಮುಗಿಯುತ್ತೆ.

ನಮ್ಮ ಕಡೆ ಇದು ದೊಡ್ಡ ವಿಷಯ. ಕೊರೋನಾ ಟೈಮಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ಕೂತಿದ್ದನ್ನ ನೋಡಿದ ಊರು ನಮ್ದು, ಇಲ್ಲಿ ಕೂತು "ಎಲ್ಲಾ ಕ್ಲೌಡ್‌ಗೆ ಹಾಕ್ಬಿಡಿ" ಅಂತ ಬೆಂಗಳೂರಿನವ್ರ ಥರ ಹೇಳೋಕಾಗಲ್ಲ. ನಾನು ಹೇಳೋದು ಹೀಗೆ: ಹಳೇ ದೊಡ್ಡ ರಾಶಿಯನ್ನ ಮೊದ್ಲು ಡ್ರೈವ್‌ಗೆ ಹಾಕಿ, ಅದು ಒಂದೇ ದಿನದ ಕೆಲ್ಸ. ಇವತ್ತಿಂದ ಮುಂದೆ ತೆಗೆಯೋ ಫೋಟೋ ದಿನಾ ಸ್ವಲ್ಪ ಸ್ವಲ್ಪ ಕ್ಲೌಡ್‌ಗೆ ಹೋಗ್ಲಿ. ಹಳೇದನ್ನ ವೈಫೈ ಇರೋ ಕಡೆ ಹೋದಾಗ, ಇಲ್ಲಾ ಬೆಂಗಳೂರಲ್ಲಿರೋ ತಮ್ಮನ ಹತ್ರ ಡ್ರೈವ್ ಕೊಟ್ಟು ಕಳ್ಸಿ, ನಿಧಾನಕ್ಕೆ ಏರಿಸ್ಕೊಳ್ಳಿ.

ಡ್ರೈವ್ ತಗೊಳೋದು, ತಗೊಂಡ ತಕ್ಷಣ ಮಾಡ್ಬೇಕಾದ್ದು

ಪೆನ್‌ಡ್ರೈವ್ ಇರೋದು ಸಾಗಿಸೋಕೆ, ವರ್ಷಗಟ್ಲೆ ಇಡೋಕಲ್ಲ. ಒಳಗಿರೋ ಫ್ಲಾಶ್ ಚಿಪ್‌ನಲ್ಲಿ ಮಾಹಿತಿ ವಿದ್ಯುತ್ ಚಾರ್ಜ್ ರೂಪದಲ್ಲಿ ಕೂತಿರುತ್ತೆ, ಡ್ರಾಯರ್‌ನಲ್ಲಿ ಸುಮ್ನೆ ಬಿಟ್ರೆ ಆ ಚಾರ್ಜ್ ನಿಧಾನಕ್ಕೆ ಸೋರ್ತಾ ಹೋಗುತ್ತೆ. ಅದೂ ಅಲ್ದೆ ಜೇಬಲ್ಲಿ ಬಗ್ಗುತ್ತೆ, ಪ್ಯಾಂಟ್ ಜೊತೆ ವಾಷಿಂಗ್ ಮಷೀನಿಗೆ ಹೋಗುತ್ತೆ, ಕೀ ಬಂಚಲ್ಲಿ ಮುರಿಯುತ್ತೆ. ರಾಶಿ 60 ಜಿಬಿ ಒಳಗಿದ್ರೆ ಒಳ್ಳೆ ಕಂಪನಿದು ಎರಡು ಪೆನ್‌ಡ್ರೈವ್ ತಗೊಳ್ಳಿ, ಅದಕ್ಕಿಂತ ಜಾಸ್ತಿ ಇದ್ರೆ ಪೆನ್‌ಡ್ರೈವ್ ಆಸೆ ಬಿಟ್ಟು 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ. 64 ಜಿಬಿ ಅಂತ ಬರ್ದಿರೋದು ಕಂಪ್ಯೂಟರಲ್ಲಿ 59 ಚಿಲ್ಲರೆ ತೋರಿಸಿದ್ರೆ ಮೋಸ ಅಲ್ಲ, ಕಂಪನಿಯವ್ರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ.

ನಿಜವಾದ ಮೋಸ ಬೇರೆ ಇದೆ. ಆನ್‌ಲೈನಲ್ಲಿ, ಜಾತ್ರೆ ಅಂಗಡೀಲಿ ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಸಿಗುತ್ತಲ್ಲ, ಅದ್ರ ಒಳಗೆ ಇರೋದು ಚಿಕ್ಕ ಚಿಪ್, 2 ಟಿಬಿ ಅಂತ ಸುಳ್ಳು ಹೇಳೋ ಥರ ಮಾಡಿರ್ತಾರೆ. ಕಾಪಿ ಮಾಡುವಾಗ ಎಲ್ಲಾ ಸರಿ ಇದೆ ಅಂತ್ಲೇ ತೋರಿಸುತ್ತೆ, ಫೈಲ್ ಹೆಸ್ರೂ ಕಾಣುತ್ತೆ, ಓಪನ್ ಮಾಡಿದ್ರೆ ಮಾತ್ರ ಏನೂ ಇರಲ್ಲ. ಹಾಗಾಗಿ ಯಾವ ಡ್ರೈವ್ ತಂದ್ರೂ ಮೊದಲ್ನೇ ದಿನ ಖಾಲಿ ಇರುವಾಗ್ಲೇ ಪರೀಕ್ಷೆ ಮಾಡಿ. ವಿಂಡೋಸಿಗೆ ಹೆಚ್2ಟೆಸ್ಟ್‌ಡಬ್ಲ್ಯೂ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಲಿನಕ್ಸ್ ಇದ್ರೆ ಎಫ್3. ಇವು ಡ್ರೈವ್ ಪೂರ್ತಿ ಬರ್ದು ಮತ್ತೆ ಓದಿ ತಾಳೆ ನೋಡ್ತವೆ. ಟೈಮ್ ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿ.

ಆಮೇಲೆ ಫಾರ್ಮ್ಯಾಟ್. ಮದುವೆ ವಿಡಿಯೋ ಕಾಪಿ ಮಾಡೋಕೆ ಹೋದ್ರೆ ಜಾಗ ಇದ್ರೂ 'ಫೈಲ್ ತುಂಬಾ ದೊಡ್ಡದು' ಅಂತ ಬರುತ್ತಲ್ಲ, ಅದು ಡ್ರೈವ್ ಫ್ಯಾಟ್32ರಲ್ಲಿ ಇರೋದ್ರಿಂದ, ಅದ್ರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಡ್ರೈವ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಎಕ್ಸ್‌ಫ್ಯಾಟ್ ಆರಿಸಿ, ವಿಂಡೋಸು ಮ್ಯಾಕು ಎರಡ್ರಲ್ಲೂ ನಡೆಯುತ್ತೆ. ಹಳೇ ಕಾರ್ ಸ್ಟೀರಿಯೋ, ಹಳೇ ಟಿವಿಗೆ ಹಾಕೋ ಡ್ರೈವ್ ಆದ್ರೆ ಮಾತ್ರ ಫ್ಯಾಟ್32 ಇರ್ಲಿ. ಫಾರ್ಮ್ಯಾಟ್ ಮಾಡಿದ್ರೆ ಒಳಗಿರೋದೆಲ್ಲ ಹೋಗುತ್ತೆ, ಅದಕ್ಕೇ ಖಾಲಿ ಇರುವಾಗ್ಲೇ ಮಾಡಿ ಅಂದಿದ್ದು.

ಕಾಪಿ ಮಾಡೋವಾಗ ಕಟ್-ಪೇಸ್ಟ್ ಬೇಡವೇ ಬೇಡ, ಕಾಪಿ-ಪೇಸ್ಟ್ ಮಾಡಿ. ಮಧ್ಯದಲ್ಲಿ ಕರೆಂಟ್ ಹೋದ್ರೆ ಮೂಲ ಅಲ್ಲೇ ಇರುತ್ತೆ. ಮುಗಿದ್ಮೇಲೆ ಇಜೆಕ್ಟ್ ಕೊಟ್ಟೇ ತೆಗೀರಿ. ಮತ್ತೆ ಡ್ರೈವನ್ನ ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡ್ಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ಸಿಡಿಲು ಬಡ್ದು ಮೋಡೆಮ್, ಕಂಪ್ಯೂಟರ್ ಒಟ್ಟಿಗೆ ಸುಟ್ಟೋಗಿರೋ ಮನೆ ನಮ್ಮ ಕಡೆ ಎಷ್ಟೋ ಇವೆ, ಸಿಕ್ಕಿಸಿದ ಡ್ರೈವೂ ಜೊತೆಗೇ ಹೋಗುತ್ತೆ. ರ‍್ಯಾನ್ಸಮ್‌ವೇರ್ ಅಂದ್ರೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ ಬಂದ್ರೂ ಅಷ್ಟೆ, ಸಿಕ್ಕಿಸಿರೋ ಡ್ರೈವಿಗೂ ಬೀಗ ಹಾಕುತ್ತೆ. ಮುಚ್ಚಳ ಗಟ್ಟಿ ಇರೋ ಡಬ್ಬೀಲಿ, ಹೊಸ ಚಪ್ಪಲಿ ಬಾಕ್ಸಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ ಇಡಿ, ಮಳೆಗಾಲದ ತೇವಕ್ಕೆ ಪಿನ್ನು ಕಪ್ಪಾಗಲ್ಲ.

ಕ್ಲೌಡ್: ಹಾಕೋದು ಸುಲಭ, ಸರಿಯಾಗಿ ಹಾಕೋದು ಬೇರೆ

ಹೆಚ್ಚಿನವ್ರ ಹತ್ರ ಆಂಡ್ರಾಯ್ಡ್ ಫೋನು, ಜಿಮೇಲ್ ಇದ್ದೇ ಇರುತ್ತೆ, ಹಾಗಾಗಿ ಗೂಗಲ್‌ದೇ ಹೇಳ್ತೀನಿ. ಫ್ರೀ 15 ಜಿಬಿ, ಆದ್ರೆ ಅದು ಜಿಮೇಲ್, ಗೂಗಲ್ ಡ್ರೈವ್ (ಫೈಲ್ ಇಡೋ ಗೂಗಲ್‌ನ ಕ್ಲೌಡ್), ಫೋಟೋಸ್ ಮೂರಕ್ಕೂ ಸೇರಿ. ಮೊದ್ಲು ಫೋಟೋ ಎಷ್ಟು ಹಾಕಿದ್ರೂ ಲೆಕ್ಕ ಇರ್ಲಿಲ್ಲ, 2021ರ ಜೂನ್ 1ರಿಂದ ಅದು ನಿಂತೋಯ್ತು. ಈಗ ಆಂಡ್ರಾಯ್ಡ್ ವಾಟ್ಸಾಪ್ ಬ್ಯಾಕಪ್ಪೂ ಇದೇ 15 ಜಿಬಿಲಿ ಎಣಿಕೆ ಆಗುತ್ತೆ, ಜಾಗ ಸುಮ್‌ಸುಮ್ನೆ ತುಂಬ್ತಾ ಇದೆ ಅನ್ನೋರಿಗೆ ಎಷ್ಟೋ ಸಲ ಕಾರಣ ಇದೇ, ವಾಟ್ಸಾಪ್ ಬ್ಯಾಕಪ್‌ನಲ್ಲಿ ವಿಡಿಯೋ ಸೇರಿಸೋದನ್ನ ಆಫ್ ಮಾಡಿದ್ರೆ ಅರ್ಧ ಸಮಸ್ಯೆ ಮುಗೀತು. ಒನ್‌ಡ್ರೈವ್, ಐಕ್ಲೌಡ್ ಫ್ರೀಯಾಗಿ ಕೊಡೋದು 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಮನೆ ಫೋಟೋ ಜಾಸ್ತಿ ಇದ್ರೆ ದುಡ್ಡು ಕೊಟ್ಟು 100 ಜಿಬಿ ತಗೊಳೋದೇ ನೆಮ್ಮದಿ, ಗೂಗಲ್ ಒನ್‌ನಲ್ಲಿ ಮನೆಯವ್ರ ಜೊತೆ ಹಂಚ್ಕೊಬಹುದು.

ಫೋಟೋಸ್ ಆಪ್ ತೆಗೆದು ಮೇಲೆ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಆನ್ ಮಾಡಿ. ಮೊಬೈಲ್ ಡೇಟಾ ಬಳಸೋದು ಬೇಡ ಅಂತ ಅಲ್ಲೇ ಇಡ್ಬಹುದು. ಕ್ವಾಲಿಟಿ ಮುಖ್ಯವಾಗಿ ಎರಡು ಥರ ಇರುತ್ತೆ, ಒರಿಜಿನಲ್ ಮತ್ತೆ ಸ್ಟೋರೇಜ್ ಸೇವರ್. ಸೇವರ್‌ನಲ್ಲಿ ಫೋಟೋ ಒತ್ತಿ ಚಿಕ್ಕದು ಮಾಡ್ತಾರೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ರೆ ಅಷ್ಟಕ್ಕೇ ಇಳಿಸ್ತಾರೆ, ವಿಡಿಯೋನ 1080ಪಿಗೆ. ಫೋನಲ್ಲಿ ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ, ದೊಡ್ಡ ಫ್ರೇಮ್ ಹಾಕ್ಸೋರಿಗೆ ಮಾತ್ರ ಒರಿಜಿನಲ್ ಬೇಕು. ಇನ್ನೊಂದು, ಬ್ಯಾಕಪ್ ಆನ್ ಮಾಡಿದ್ರೆ ಕ್ಯಾಮೆರಾ ಫೋಲ್ಡರ್ ಮಾತ್ರ ಹೋಗುತ್ತೆ. ಅಕ್ಕ ವಾಟ್ಸಾಪಲ್ಲಿ ಕಳ್ಸಿದ ಮದುವೆ ಫೋಟೋ ಹೋಗಿರಲ್ಲ, ಆ ಫೋಲ್ಡರ್ ಬೇಕಿದ್ರೆ ಡಿವೈಸ್ ಫೋಲ್ಡರ್ಸ್ ಅಂತ ಇರೋ ಕಡೆ ಹೋಗಿ ನೀವೇ ಆನ್ ಮಾಡ್ಬೇಕು.

ಈಗ ದಯವಿಟ್ಟು ಎರಡ್ಸಲ ಓದಿ. ಫೋಟೋಸ್ ಆಪ್‌ನಲ್ಲಿ ಮಾಮೂಲಿ ಡಿಲೀಟ್ ಕೊಟ್ರೆ ಫೋನಿಂದ್ಲೂ ಹೋಗುತ್ತೆ, ಕ್ಲೌಡಿಂದ್ಲೂ ಹೋಗುತ್ತೆ. ಬ್ಯಾಕಪ್ ಇದೆಯಲ್ಲ ಅಂತ ಡಿಲೀಟ್ ಮಾಡಿ ಎರಡೂ ಕಳ್ಕೊಂಡವ್ರು ನನ್ನ ಅಂಗಡಿಗೇ ಬಂದಿದಾರೆ. ಫೋನಲ್ಲಿ ಮಾತ್ರ ಜಾಗ ಖಾಲಿ ಮಾಡ್ಬೇಕು ಅಂದ್ರೆ 'ಫ್ರೀ ಅಪ್ ಸ್ಪೇಸ್' ಅಂತ ಇದೆ, ಅದನ್ನ ಬಳಸಿ. ತಪ್ಪಿ ಡಿಲೀಟ್ ಆಗಿದ್ರೆ ಟ್ರ್ಯಾಶ್‌ನಲ್ಲಿ ಬ್ಯಾಕಪ್ ಆಗಿರೋದು 60 ದಿನ ಇರುತ್ತೆ, ಆಗದೇ ಇರೋದು 30 ದಿನ. ಗೂಗಲ್ ಡ್ರೈವ್‌ನ ಟ್ರ್ಯಾಶೂ 30 ದಿನವೇ. ಕಂಪ್ಯೂಟರಲ್ಲಿ ಸಿಂಕ್ ಮಾಡಿರೋ ಫೋಲ್ಡರ್ ಕೂಡ ಹೀಗೇ, ಒಂದು ಕಡೆ ಅಳಿಸಿದ್ರೆ ಎಲ್ಲಾ ಕಡೆ ಅಳಿಯುತ್ತೆ. 'ಫ್ರೀ ಅಪ್ ಸ್ಪೇಸ್' ಕೊಟ್ಮೇಲೆ ಕ್ಲೌಡಲ್ಲಿರೋದು ಒಂದೇ ಕಾಪಿ ಅನ್ನೋದು ನೆನಪಿರ್ಲಿ, ಹಾಗಾಗಿ ಮೊದ್ಲು ಪೆನ್‌ಡ್ರೈವ್ ಇಲ್ಲಾ ಹಾರ್ಡ್ ಡಿಸ್ಕ್‌ಗೆ ಕಾಪಿ, ಆಮೇಲೆ ಆ ಬಟನ್.

ಕ್ಲೌಡ್ ಯಾವತ್ತೂ ಹೋಗಲ್ಲ ಅನ್ನೋ ನಂಬಿಕೆ ಬೇಡ. 2025ರ ಸೆಪ್ಟೆಂಬರ್ 26ಕ್ಕೆ ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು, ಸರ್ಕಾರಿ ನೌಕರರು ಫೈಲ್ ಇಡ್ತಿದ್ದ ಜಿ-ಡ್ರೈವ್ ಅನ್ನೋ ಕ್ಲೌಡಿಗೆ ಬೇರೆ ಕಡೆ ಬ್ಯಾಕಪ್ಪೇ ಇರ್ಲಿಲ್ಲ, 858 ಟೆರಾಬೈಟ್ ಸುಟ್ಟು ಹೋಯ್ತು. ಗೂಗಲ್‌ನಂಥವ್ರು ಒಂದಕ್ಕಿಂತ ಹೆಚ್ಚು ಕಡೆ ಕಾಪಿ ಇಟ್ಟಿರ್ತಾರೆ, ಬೆಂಕಿ ಭಯ ಅಷ್ಟಿಲ್ಲ. ನಮ್ಮಂಥವ್ರಿಗೆ ಕ್ಲೌಡ್ ಹೋಗೋದು ಬೇರೆ ದಾರೀಲಿ: ಪಾಸ್‌ವರ್ಡ್ ಮರ್ತು ಹೋಗೋದು, ಸಿಮ್ ಬದ್ಲಾಯ್ಸಿ ಓಟಿಪಿ ಬರ್ದೇ ಇರೋದು. ಮತ್ತೆ ಎರಡು ವರ್ಷ ಮುಟ್ಟದೇ ಬಿಟ್ಟ ವೈಯಕ್ತಿಕ ಅಕೌಂಟನ್ನ ಗೂಗಲ್ ಅಳಿಸಬಹುದು, ಈ ನಿಯಮ 2023ರ ಡಿಸೆಂಬರ್‌ನಿಂದ ಜಾರಿಲಿದೆ. ಫೋಟೋ ಇಡೋಕೆ ಅಂತ್ಲೇ ಎರಡನೇ ಜಿಮೇಲ್ ಮಾಡ್ಕೊಂಡು ಮರ್ತವ್ರು ಇವತ್ತೇ ಒಂದ್ಸಲ ಲಾಗಿನ್ ಆಗಿ.

ಅಕೌಂಟ್ ಸೆಕ್ಯೂರಿಟಿ ಪೇಜಲ್ಲಿ ಟು-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತೂ ಕೇಳೋದು) ಆನ್ ಮಾಡಿ, ಅಲ್ಲೇ ಬ್ಯಾಕಪ್ ಕೋಡ್ಸ್ ಅಂತ 8 ಅಂಕಿಯ 10 ಕೋಡ್ ಕೊಡ್ತಾರೆ. ಅದನ್ನ ಪ್ರಿಂಟ್ ತೆಗೆದು, ಬೀರೂಲಿ ಮನೆ ಪತ್ರ ಇಡೋ ಕವರ್‌ಗೇ ಹಾಕಿಡಿ. ಫೋನ್ ಕಳ್ದೋದ ದಿನ ಆ ಚೀಟಿಯೇ ದಾರಿ. ಕೋಡಿನ ಫೋಟೋ ತೆಗೆದು ಅದೇ ಫೋನಲ್ಲಿ ಇಡ್ಬೇಡಿ.

ಹಂಚೋದು: ಯಾರಿಗೆ ಏನನ್ನ ಹೇಗೆ

ಮೂರು ನಾಲ್ಕು ಫೋಟೋ ಆದ್ರೆ ವಾಟ್ಸಾಪ್ ಸಾಕು, ಆದ್ರೆ ಫೋಟೋ ಅಂತ ಕಳ್ಸಿದ್ರೆ ಕ್ವಾಲಿಟಿ ಹಾಳಾಗುತ್ತೆ. ಪ್ರಿಂಟಿಗೆ ಬೇಕಿದ್ರೆ 'ಡಾಕ್ಯುಮೆಂಟ್' ಅಂತ ಆರಿಸಿ ಕಳ್ಸಿ, 2 ಜಿಬಿ ತನಕ ಹೋಗುತ್ತೆ. ಜಿಮೇಲ್ ಅಟ್ಯಾಚ್‌ಮೆಂಟ್ 25 ಎಂಬಿಗೆ ನಿಲ್ಲುತ್ತೆ. ಅಮೆರಿಕದಲ್ಲಿರೋ ಮಗಳಿಗೆ ಗೃಹಪ್ರವೇಶದ 300 ಫೋಟೋ ಕಳ್ಸೋಕೆ ಕ್ಲೌಡ್ ಲಿಂಕಿನಷ್ಟು ಸುಲಭ ಇನ್ನೊಂದಿಲ್ಲ. ಫೋಲ್ಡರ್ ಮೇಲೆ ಶೇರ್ ಒತ್ತಿ ಅವಳ ಇಮೇಲ್ ಹಾಕಿ, 'ವ್ಯೂವರ್' ಅಂತಿಡಿ. 'ಎನಿಒನ್ ವಿತ್ ದ ಲಿಂಕ್' ಅಂತ ಕೊಟ್ರೆ ಆ ಲಿಂಕ್ ಯಾರ ಕೈಗೆ ಹೋದ್ರೂ ತೆರೆಯುತ್ತೆ, ಮದುವೆ ಫೋಟೋಗೆ ನಡೆಯುತ್ತೆ, ಆಧಾರ್ ಕ್ರಯಪತ್ರಕ್ಕೆ ಬೇಡ. 'ಎಡಿಟರ್' ಕೊಟ್ರಂತೂ ಅವ್ರು ಫೋಲ್ಡರಿಂದ ಫೋಟೋ ತೆಗೆದು ಹಾಕ್ಬಹುದು. ಪಕ್ಕದೂರಿನ ಅಣ್ಣನಿಗೆ 40 ಜಿಬಿ ವಿಡಿಯೋ ಕೊಡೋಕೆ ಮಾತ್ರ ಬಸ್ಸಲ್ಲಿ ಪೆನ್‌ಡ್ರೈವ್ ಕಳ್ಸೋದೇ ಬೇಗ.

ಇನ್ನು ನನ್ನಂಥ ಅಂಗಡಿಗೆ ಬರೋರಿಗೆ, ಅಂಗಡಿಯವನಾಗಿಯೇ ಹೇಳ್ತೀನಿ. ಬ್ಯಾಕಪ್ ಡ್ರೈವನ್ನ ಜೆರಾಕ್ಸ್ ಅಂಗಡಿಗೆ ತರ್ಲೇಬೇಡಿ. ದಿನಕ್ಕೆ ಇಪ್ಪತ್ತು ಡ್ರೈವ್ ಬಂದು ಹೋಗೋ ಕಂಪ್ಯೂಟರು, ಆಂಟಿವೈರಸ್ ಇದ್ರೂ ಒಂದಲ್ಲ ಒಂದು ದಿನ ಶಾರ್ಟ್‌ಕಟ್ ವೈರಸ್ ಅಂಟುತ್ತೆ. ಪ್ರಿಂಟಿಗೆ ಅಂತ್ಲೇ ಸಣ್ಣ 8 ಜಿಬಿ ಪೆನ್‌ಡ್ರೈವ್ ಬೇರೆ ಇಟ್ಕೊಳ್ಳಿ, ಅವತ್ತು ಬೇಕಾದ ಫೈಲ್ ಮಾತ್ರ ಹಾಕ್ಕೊಂಡು ಬನ್ನಿ. ಅಂಗಡಿ ಕಂಪ್ಯೂಟರಲ್ಲಿ ನಿಮ್ಮ ಜಿಮೇಲ್ ಲಾಗಿನ್ ಆಗ್ಬೇಡಿ, ಲಾಗ್‌ಔಟ್ ಮಾಡೋಕೆ ಮರ್ತವ್ರ ಇನ್‌ಬಾಕ್ಸ್ ನಾನೇ ಎಷ್ಟೋ ಸಲ ಮುಚ್ಚಿದೀನಿ. ಆಧಾರ್ ಕೊಡ್ಬೇಕಾದ್ರೆ ಕೊನೆ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್‌ಡ್ ಆಧಾರ್ ಸಿಗುತ್ತೆ, ನಡೆಯೋ ಕಡೆ ಅದನ್ನೇ ಕೊಡಿ. ಪ್ರಿಂಟ್ ಆದ್ಮೇಲೆ "ಫೈಲ್ ಡಿಲೀಟ್ ಮಾಡಿ, ರಿಸೈಕಲ್ ಬಿನ್ನೂ ಖಾಲಿ ಮಾಡಿ" ಅಂತ ಬಾಯ್ಬಿಟ್ಟು ಕೇಳಿ. ಸಂಕೋಚ ಬೇಡ, ಯಾವ ಅಂಗಡಿಯವ್ರೂ ಬೇಜಾರು ಮಾಡ್ಕೊಬಾರ್ದು.

ಆಸ್ತಿ ಪತ್ರ, ಆಧಾರ್, ಬ್ಯಾಂಕ್ ಕಾಗದ ಇರೋ ಫೋಲ್ಡರ್‌ಗೆ 7-ಜಿಪ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಪಾಸ್‌ವರ್ಡ್ ಹಾಕಿ ಒಂದು ಗಂಟು ಕಟ್ಟಿ, ಆಮೇಲೆ ಡ್ರೈವಿಗೂ ಕ್ಲೌಡಿಗೂ ಹಾಕಿ. ಡ್ರೈವ್ ಬಸ್ಸಲ್ಲಿ ಬಿದ್ದೋದ್ರೂ ಸಿಕ್ಕಿದವ್ರು ತೆಗೆಯೋಕಾಗಲ್ಲ.

ನುಡಿ, ಬರಹದಲ್ಲಿ ಟೈಪ್ ಮಾಡೋರಿಗೆ

ಮೇಷ್ಟ್ರುಗಳು, ಪಂಚಾಯ್ತಿ, ಸೊಸೈಟಿಯವ್ರು ಈಗ್ಲೂ ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿರೋ ಫೈಲ್ ರಾಶಿ ಇಟ್ಕೊಂಡಿದಾರೆ. ಇವು ಯೂನಿಕೋಡ್ (ಎಲ್ಲಾ ಕಂಪ್ಯೂಟರು, ಫೋನಿಗೂ ಒಂದೇ ಆಗಿರೋ ಅಕ್ಷರ ಪದ್ಧತಿ) ಅಲ್ಲ, ಒಳಗೆ ಇಂಗ್ಲಿಷ್ ಅಕ್ಷರ ಚಿಹ್ನೆಗಳೇ ಇರೋದು, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತೆ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ, ಗೂಗಲ್ ಡಾಕ್ಸ್‌ನಲ್ಲಿ, ಫೋನಲ್ಲಿ ತೆಗೆದ್ರೆ ಬರೀ ಕಲಸುಮೇಲೋಗರ ಕಾಣುತ್ತೆ. ಜನ ಫೈಲ್ ಹಾಳಾಯ್ತು ಅಂತ ಅಳಿಸ್ಬಿಡ್ತಾರೆ. ಹಾಳಾಗಿರಲ್ಲ! ಹಾಗಾಗಿ ಕ್ಲೌಡಿಗೆ ಹಾಕೋ ಮುಂಚೆ ಪ್ರತಿ ಫೈಲಿಗೂ ಒಂದು ಪಿಡಿಎಫ್ ಮಾಡಿ ಜೊತೇಲಿ ಇಡಿ, ಪಿಡಿಎಫ್ ಒಳಗೆ ಫಾಂಟೂ ಕೂತಿರುತ್ತೆ, ಎಲ್ಲಿ ತೆಗೆದ್ರೂ ಓದಬಹುದು. ಬಳಸಿದ ಫಾಂಟ್ ಫೈಲನ್ನೂ ಅದೇ ಫೋಲ್ಡರಿಗೆ ಹಾಕಿ. ಪುರುಸೊತ್ತು ಸಿಕ್ಕಾಗ ಕನ್ವರ್ಟರ್ ಬಳಸಿ ಯೂನಿಕೋಡ್ ಮಾಡ್ಕೊಳ್ಳಿ, ಮಾಡಿದ್ಮೇಲೆ ಒತ್ತಕ್ಷರ, ರೆಫ, ಅಂಕಿ ಒಂದ್ಸಲ ಕಣ್ಣಾಡಿಸಿ ನೋಡಿ.

ಡ್ರೈವ್ ಓಪನ್ ಆಗ್ತಿಲ್ಲ ಅಂದ್ರೆ

'ಫಾರ್ಮ್ಯಾಟ್ ಮಾಡ್ಬೇಕು' ಅಂತ ಬಂದ್ರೆ ಕ್ಯಾನ್ಸಲ್ ಒತ್ತಿ. ಹೊಸದಾಗಿ ಏನನ್ನೂ ಅದ್ರೊಳಗೆ ಹಾಕ್ಬೇಡಿ, ಹಾಕಿದಷ್ಟೂ ಹಳೇದ್ರ ಮೇಲೆ ಬರೆಯುತ್ತೆ. ಎಲ್ಲಾ ಶಾರ್ಟ್‌ಕಟ್ ಆಗಿ ಕಾಣ್ತಿದ್ರೆ ಆ ಶಾರ್ಟ್‌ಕಟ್ ಒತ್ತಬೇಡಿ, ನಿಮ್ಮ ಫೈಲ್ ಹಿಡನ್ ಆಗಿ ಅಲ್ಲೇ ಇರುತ್ತೆ. ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ, ಆಗ್ಲೂ ಕಾಣ್ದಿದ್ರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಅನ್ನೋ ಟಿಕ್ ತೆಗೀರಿ, ಫೈಲ್ ಕಾಪಿ ಮಾಡ್ಕೊಂಡು ಡ್ರೈವ್ ಸ್ಕ್ಯಾನ್ ಮಾಡಿ. ಡಿಲೀಟ್ ಆಗಿದ್ರೆ ಫೋಟೋರೆಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಒಳ್ಳೆ ಕೆಲ್ಸ ಮಾಡುತ್ತೆ, ಸಿಕ್ಕಿದ್ದನ್ನ ಬೇರೆ ಡಿಸ್ಕ್‌ಗೆ ಸೇವ್ ಮಾಡಿ, ಅದೇ ಡ್ರೈವಿಗೆ ಅಲ್ಲ. ಪಿನ್ನೇ ಮುರಿದಿದ್ರೆ ಮನೇಲಿ ಅಂಟಿಸೋಕೆ ಹೋಗ್ಬೇಡಿ, ಡೇಟಾ ರಿಕವರಿ ಮಾಡೋರ ಹತ್ರ ಕೊಡಿ.

ತಿಂಗಳಿಗೊಂದ್ಸಲ ತೆಗೆದು ನೋಡೋದು

ಇಡೋಕೆ 3-2-1 ಅಂತ ಒಂದು ಲೆಕ್ಕ ಇದೆ, ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಇದನ್ನ ಜನಕ್ಕೆ ಮುಟ್ಟಿಸಿದ್ದು. ಮೂರು ಕಾಪಿ, ಎರಡು ಬೇರೆ ಥರದ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ನಮ್ಮ ಮನೆಗೆ ಹೊಂದಿಸಿದ್ರೆ ಲ್ಯಾಪ್‌ಟಾಪ್ ಒಂದು, ಬೀರುಲಿರೋ ಹಾರ್ಡ್ ಡಿಸ್ಕ್ ಒಂದು, ಕ್ಲೌಡ್ ಒಂದು. ನೆಟ್ ಸುತರಾಂ ಇಲ್ದೇ ಇರೋರು ಕ್ಲೌಡ್ ಬದ್ಲು ಅಕ್ಕನ ಮನೇಲಿ ಇನ್ನೊಂದು ಡಿಸ್ಕ್ ಇಡಿ, ಹಬ್ಬಕ್ಕೆ ಹೋದಾಗೆಲ್ಲ ತಂದು ಹೊಸದು ಸೇರಿಸಿ ವಾಪಸ್ ಕೊಡಿ.

ಕರೆಂಟ್ ಬಿಲ್ ಕಟ್ಟೋ ದಿನವೇ ಇದನ್ನೂ ಮಾಡಿ, ಆಗ ಮರೆಯಲ್ಲ. ಡಿಸ್ಕ್ ಸಿಕ್ಕಿಸಿ ಆ ತಿಂಗಳ ಫೋಲ್ಡರ್ ಕಾಪಿ ಮಾಡಿ. '2025-06 ಶೃಂಗೇರಿ' ಅಂತ ಇಸವಿ ತಿಂಗಳು ಮೊದ್ಲು ಬರ್ದು ಹೆಸ್ರಿಟ್ರೆ ತಾನಾಗೇ ಸಾಲಾಗಿ ನಿಲ್ಲುತ್ತೆ. ಕಾಪಿ ಆದ್ಮೇಲೆ ಐದು ಫೈಲ್ ಆರಿಸಿ ಓಪನ್ ಮಾಡಿ ನೋಡಿ, ಹೆಸ್ರು ಕಂಡ್ರೆ ಸಾಲ್ದು, ವಿಡಿಯೋನ ಮಧ್ಯಕ್ಕೆ ಎಳೆದು ಓಡ್ಸಿ ನೋಡಿ. ಕ್ಲೌಡಿಂದ್ಲೂ ಎರಡು ಫೋಟೋ ಬೇರೆ ಫೋನಲ್ಲಿ ಡೌನ್‌ಲೋಡ್ ಮಾಡಿ. ಆಯುಧ ಪೂಜೆಗೆ ಕಂಪ್ಯೂಟರ್ ಒರೆಸೋವಾಗ ವರ್ಷಕ್ಕೊಂದ್ಸಲ ಇಡೀ ಡಿಸ್ಕ್ ನೋಡಿ, ಐದಾರು ವರ್ಷ ಆಗಿದ್ರೆ ಅದು ಕೆಡೋ ಮುಂಚೆಯೇ ಹೊಸದಕ್ಕೆ ಕಾಪಿ ಮಾಡಿ.

ಮನೇಲಿ ಇನ್ನೊಬ್ರಿಗೂ ಎಲ್ಲಿದೆ, ಹೇಗೆ ತೆಗೀಬೇಕು ಅಂತ ಗೊತ್ತಿರ್ಲಿ. ಗೂಗಲ್‌ನಲ್ಲಿ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ, ನೀವು ಇಷ್ಟು ತಿಂಗಳು ಅಕೌಂಟ್ ಮುಟ್ಟದೇ ಇದ್ರೆ ಯಾರಿಗೆ ಸಿಗ್ಬೇಕು ಅಂತ ಅದ್ರಲ್ಲಿ ಹೇಳಿಡ್ಬಹುದು.

ಆ ಮೇಷ್ಟ್ರ ಡ್ರೈವಲ್ಲಿ ಚಿಪ್ ಸರಿ ಇತ್ತು, ಪಿನ್ನಿನ ಬೆಸುಗೆ ಬಿಟ್ಟಿತ್ತು. ರಿಕವರಿ ಮಾಡೋರು ಬೆಸೆದು ಕೊಟ್ರು, ಹೆಚ್ಚಿನ ಫೋಟೋ ಬಂತು, ನಾಮಕರಣದ ಎರಡು ವಿಡಿಯೋ ಮಾತ್ರ ಓಡ್ಲೇ ಇಲ್ಲ. ಅದೇ ದಿನ ನನ್ನ ಅಂಗಡೀಲೇ ಕೂತು ಹಾರ್ಡ್ ಡಿಸ್ಕ್‌ಗೊಂದು ಕಾಪಿ ಹಾಕಿದ್ವಿ, ಮನೆಗೆ ಹೋಗಿ ಕ್ಲೌಡಿಗೆ ಏರಿಸೋಕೆ ಹನ್ನೊಂದು ರಾತ್ರಿ ಹಿಡೀತಂತೆ. ಕೋಡಿನ ಚೀಟಿ ಅವ್ರ ಮನೆಯವ್ರ ಹತ್ರ ಇದೆ.